ಎಡಬೆಂಚಿನ ಚರಣ

ಮಖ್ಲೂಫ್ ಅಫ್ರಿಯಾತನ ಮುತ್ತಜ್ಜ ಷ್ಲೋಮೋ ಸೂಸ್ ಸೀಮೆಯ ಬಾದಾಮಿಯನ್ನು ಕತ್ತೆಗಳ ಮೇಲೆ ಹೇರಿಕೊಂಡು ಎಸ್ಸಾವೀರಾ ಬಂದರಿಗೆ ತರುತ್ತಿದ್ದವನು. ಒಮ್ಮೆ ಕಣಿವೆಯಲ್ಲಿ ಕಳ್ಳರು ಅಡ್ಡಗಟ್ಟಿದಾಗ ಆತ ಹೆದರದೆ ನಿಂತಲ್ಲೇ ಹಾಡಿದನಂತೆ. ಕಳ್ಳರು ಬಾದಾಮಿಯನ್ನೆಲ್ಲ ಹೊತ್ತುಕೊಂಡು ಹೋದರೂ ಹಾಡಿನ ಮರ್ಯಾದೆಗೆ ಒಂದು ಕತ್ತೆಯನ್ನು ಬಿಟ್ಟುಕೊಟ್ಟರಂತೆ. ಇದು ಅಫ್ರಿಯಾತರ ಮನೆಯ ಮಾತು. ಆ ಕತ್ತೆ ಕುಂಟುತ್ತಿತ್ತು, ಅದಕ್ಕೇ ಬಿಟ್ಟರು ಎನ್ನುವುದು ಅದೇ ಊರಿನ ಎದುರಾಳಿ ಮನೆತನವಾದ ವಜಾನರ ಮನೆಯ ಮಾತು. ಷ್ಲೋಮೋನ ಮಗ ಅವ್ರಾಹಮ್ ಬಡಗಿಯಾದ. ಊರಿನ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಘಮಘಮಿಸುವ ಥುಯಾ ಮರದಲ್ಲಿ ಬಲಬದಿಯ ಬೆಂಚನ್ನು ಮಾಡಿಕೊಟ್ಟವನು ಅವನೇ. ಅದನ್ನು ಕಂಡು ಹೊಟ್ಟೆಯುರಿದ ವಜಾನರು ಬೇರೆ ಬಡಗಿಯನ್ನು ಹಿಡಿದು ಎಡಬದಿಗೂ ಒಂದು ಬೆಂಚು ಮಾಡಿಸಿದರು, ಒಂದು ಬೆರಳು ಎತ್ತರವಾಗಿ. ಅವ್ರಾಹಮನ ಮಗ ಯೋಸೆಫ್ ಆ ಬಲಬೆಂಚಿನ ತುದಿಯಲ್ಲಿ ಕೂತು ತನ್ನ ಕಾಲದ ಚಳಿಗಾಲಗಳನ್ನೆಲ್ಲ ಹಾಡಿ ಕಳೆದ. ಒಂದು ವರ್ಷ ಜ್ವರ ಬಂದು ಮಲಗಿದ್ದಾಗಲೂ ಕಂಬಳಿ ಸುತ್ತಿಕೊಂಡು ಬಂದು, ತನ್ನ ಪಾಲಿನ ಚರಣ ಮುಗಿಸಿ ಅಲ್ಲೇ ಕುಸಿದು ಬಿದ್ದ. ಮೇಲಿನ ಸ್ವರ ಎಟುಕದೆ ಬಿದ್ದ ಎಂದರು ವಜಾನರು. ಈ ಯೋಸೆಫನ ಮಗನೇ ನಮ್ಮ ಮಖ್ಲೂಫ್.

ಚಳಿಗಾಲದ ಸಬ್ಬತ್ ದಿನ, ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು ಬಂದು ಬೆಳಗಿನ ಪ್ರಾರ್ಥನೆಯ ತನಕ ಹಾಡುವುದು ನಮ್ಮ ಜನರ ಪದ್ಧತಿ. ಎರಡು ಬೆಂಚು ಎದುರುಬದುರು. ಒಂದು ಚರಣ ಬಲಬೆಂಚಿನವರದು, ಮುಂದಿನ ಚರಣ ಎಡಬೆಂಚಿನವರದು. ಹಾಡು ಒಂದೇ ಆದರೂ ಮಟ್ಟು ಒಂದೇ ಅಲ್ಲ. ಅವರವರ ಚರಣಕ್ಕೆ ಅವರವರ ಅಜ್ಜಂದಿರ ಮಟ್ಟು. ಎಡಬೆಂಚು ಹಾಡುವಾಗ ಬಲಬೆಂಚಿನವರು ಪುದೀನಾ ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಮುಂದಿನ ಸರದಿಯಲ್ಲಿ ಅವರನ್ನು ಹೇಗೆ ಮೀರಿಸುವುದೆಂದು ಯೋಚಿಸುತ್ತಿದ್ದರೇ ಹೊರತು ಕಿವಿಗೊಡುತ್ತಿರಲಿಲ್ಲ. ಅಫ್ರಿಯಾತರ ಹುಡುಗನೊಬ್ಬ ಮನೆಯಲ್ಲಿ ಮರೆತು ಎಡಬೆಂಚಿನ ಮಟ್ಟನ್ನು ಗುನುಗಿದರೆ ತಲೆಗೊಂದು ಮೊಟಕು ಬೀಳುತ್ತಿತ್ತು. "ವಜಾನರ ಎಂಜಲು ನನ್ನ ಮನೇಲಿ ಬೇಡ" ಎನ್ನುತ್ತಿದ್ದ ಯೋಸೆಫ್. ಸಬ್ಬತ್ ದಿನ ಬರೆಯುವಂತಿಲ್ಲ, ದನಿ ಹಿಡಿಯುವ ಯಂತ್ರ ಮುಟ್ಟುವಂತಿಲ್ಲ. ಉಳಿದ ದಿನ ಈ ಹಾಡುಗಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಹೀಗಾಗಿ ಪುಸ್ತಕದಲ್ಲಿ ಪದಗಳು ಉಳಿದವು, ಮಟ್ಟುಗಳು ಗಂಟಲಿನಲ್ಲೇ ಇದ್ದವು.

ಮಖ್ಲೂಫನಿಗೆ ಇನ್ನೂ ಮೀಸೆ ಮೂಡುವ ಮೊದಲೇ ವಜಾನರು ಊರು ಬಿಟ್ಟರು. ಒಂದು ಬೆಂಚಿಗೆ ಬೆಂಚೇ ಎದ್ದು, ಹಾಸಿಗೆ ಪಾತ್ರೆ ಕಟ್ಟಿಕೊಂಡು, ಬಸ್ಸು ಹತ್ತಿ, ಹಡಗು ಹತ್ತಿ ಇಸ್ರೇಲಿಗೆ ಹೋಯಿತು. ಅವರನ್ನು ಕಳಿಸಿ ಬಂದ ಯೋಸೆಫ್ ಗೋಡೆಗೆ ಒರಗಿ ಕೂತು, "ಹಾಳಾದವರು, ಹೋಗೇಬಿಟ್ಟರಲ್ಲ" ಎಂದ. ಆಮೇಲೆ ಬೇರೆ ಹಾಡುಗಳನ್ನು ಹಾಡಿದರೂ ಪಾರಿವಾಳದ ಹಾಡನ್ನು ಮಾತ್ರ ಬಾಯಿಗೆ ತರಲಿಲ್ಲ. ಅದು ಆರು ಚರಣದ ದೊಡ್ಡ ಹಾಡು, ಎರಡೂ ಬೆಂಚುಗಳ ಜಿದ್ದು ಏರುತ್ತಿದ್ದದ್ದು ಅದರಲ್ಲೇ. ಅದರ ಕೊನೆಯ ಚರಣ ಎಡಬೆಂಚಿನದು. "ನಾನು ಶುರು ಮಾಡಿದರೆ ಮುಗಿಸೋರು ಯಾರು?" ಎನ್ನುತ್ತಿದ್ದ. ಕೆಲವು ವರ್ಷಗಳಲ್ಲಿ ಅಫ್ರಿಯಾತರೂ ಎಸ್ಸಾವೀರಾ ಬಿಟ್ಟು ಕಾಸಾಬ್ಲಾಂಕಾ ಸೇರಿದರು.

ಅಲ್ಲಿಯ ಯಹೂದಿ ಹೈಸ್ಕೂಲಿನಲ್ಲಿ ಮಖ್ಲೂಫ್ ಹೀಬ್ರೂ ಮೇಷ್ಟ್ರಾದ. ಅವನು ಸೇರಿದಾಗ ಅಂಗಳದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಲು ಜಾಗ ಸಾಲುತ್ತಿರಲಿಲ್ಲ. ಈಗ ಅದೇ ಅಂಗಳದಲ್ಲಿ ಹುಡುಗರು ಚೆಂಡಾಟ ಆಡುತ್ತಿದ್ದರೂ ಅಂಜೂರದ ಮರದ ಕೆಳಗೆ ಓದುವವರಿಗೆ ತೊಂದರೆಯಾಗದಷ್ಟು ಜಾಗ ಮಿಕ್ಕಿದೆ. ಬೇಸಿಗೆ ಬಂದರೆ ಸಾಕು, ಯಾವುದೋ ಒಂದು ಮನೆ ಪ್ಯಾರಿಸ್ಸಿಗೋ ಮಾಂಟ್ರಿಯಲ್ಲಿಗೋ ಹೊರಟಿರುತ್ತದೆ. ಖಾಲಿಯಾದ ಬೆಂಚುಗಳಿಗೆ ಮುಸ್ಲಿಂ ಮನೆಗಳ ಮಕ್ಕಳು ಬಂದರು. ಅವರೂ ಹೀಬ್ರೂ ಕಲಿಯುತ್ತಾರೆ, ಶುಕ್ರವಾರ ಊಟದ ಮನೆಯಲ್ಲಿ ಜಡೆಯಂತೆ ಹೆಣೆದ ರೊಟ್ಟಿ ಹಂಚುವಾಗ ಅವರೂ ನೂಕುತ್ತಾರೆ. ಮಕ್ಕಳು ಕಡಿಮೆಯಾದರೂ ಶಾಲೆಯ ಜಂಬ ಕಡಿಮೆಯಾಗಿಲ್ಲ. ಮುಖ್ಯೋಪಾಧ್ಯಾಯಿನಿ ಕ್ಲೆರ್ ಸ್ವೀಸಾ ತಮ್ಮ ಕೋಣೆಯ ಬಾಗಿಲಲ್ಲೇ ಗಾಜಿನ ಅಲ್ಮೇರಾ ಇಟ್ಟು, ಗಣಿತಕ್ಕೆ, ಈಜಿಗೆ, ಚದುರಂಗಕ್ಕೆ ಬಂದ ಬಹುಮಾನಗಳನ್ನೆಲ್ಲ ಜೋಡಿಸಿದ್ದಾರೆ. ಮಕ್ಕಳನ್ನು ಸೇರಿಸಲು ಬಂದ ತಾಯಿತಂದೆಯರು ಅದನ್ನು ನೋಡಿಯೇ ಒಳಗೆ ಹೋಗಬೇಕು.

ಪುರೀಮ್ ಹಬ್ಬದ ನಾಟಕದ ಗದ್ದಲ ಮುಗಿದ ಮರುದಿನ ಆಕೆ ಮಖ್ಲೂಫನನ್ನು ಕರೆಸಿದರು.

"ಮೇಷ್ಟ್ರೇ, ಫೆಜ್‌ನಲ್ಲಿ ಶಾಲೆಗಳ ಹಾಡಿನ ಸ್ಪರ್ಧೆ ಇದೆಯಂತೆ. ಹಳೇ ಆಂದಲೂಸಿ ಮಟ್ಟಿನ ಹಾಡು, ಒಂದೇ ಹಾಡು, ಪೂರ್ತಿ ಹಾಡಬೇಕು. ನಮ್ಮ ಮಕ್ಕಳು ಹಾಡಲ್ವಾ?"

"ಹಾಡ್ತಾರೆ."

"ಅಲ್ಮೇರಾದಲ್ಲಿ ಹಾಡಿಗೆ ಒಂದು ಚಮಚಾನೂ ಇಲ್ಲ ನೋಡಿ. ಯಾವ ಹಾಡು ಕಲಿಸ್ತೀರಿ?"

"ಪಾರಿವಾಳದ್ದು" ಎಂದು ಬಾಯಿಂದ ಜಾರಿಹೋಯಿತು. ಅದೇಕೆ ಜಾರಿತೋ ಅವನಿಗೇ ತಿಳಿಯಲಿಲ್ಲ. ಆದರೆ ಜಾರಿದ ಮೇಲೆ, ಆ ಹಾಡನ್ನು ಒಂದು ಸಲ ಮೊದಲಿಂದ ಕೊನೆಯವರೆಗೆ ಕೇಳದೆ ಕಣ್ಣು ಮುಚ್ಚಲಾರೆ ಎನ್ನುವ ಆಸೆ ಹತ್ತಿಕೊಂಡಿತು.

ಮಕ್ಕಳನ್ನು ಆರಿಸಿ ಎರಡು ಬೆಂಚಿನಲ್ಲಿ ಎದುರುಬದುರು ಕೂರಿಸಿದ. ಬಲಬೆಂಚಿನ ತುದಿಗೆ ಅವಿಗೈಲ್ ಲಸ್ರಿ, ಆ ವರ್ಷ ದೇಶದ ಗಣಿತ ಪರೀಕ್ಷೆಯಲ್ಲಿ ಎರಡನೆಯವಳಾಗಿ ಬಂದ ಹುಡುಗಿ, ಬಾಯಿ ಸ್ವಲ್ಪ ಜೋರು. ಎಡಬೆಂಚಿನ ತುದಿಗೆ ಹಾಜರ್ ಎಂಬ ಮುಸ್ಲಿಂ ಹುಡುಗಿ. ಒಂದು ಸಲ ಕೇಳಿದ್ದು ಅವಳ ಕಿವಿಯಿಂದ ಮತ್ತೆ ಹೊರಗೆ ಹೋಗುವುದಿಲ್ಲ. ಒಂದು, ಮೂರು, ಐದನೆಯ ಚರಣಗಳನ್ನು ಮಖ್ಲೂಫ್ ಹಾಡಿ ಕಲಿಸಿದ. ಎಡಬೆಂಚಿನ ಸರದಿ ಬಂದಾಗ ಬರೀ ಪದಗಳನ್ನು ಓದಿಸಿದ.

"ಮೇಷ್ಟ್ರೇ, ನಾವೇನು ಪಾಪ ಮಾಡಿದೀವಿ?" ಎಂದಳು ಹಾಜರ್. "ನಮ್ಮದನ್ನ ಯಾಕೆ ಹಾಡಿಸಲ್ಲ?"

"ನನಗೆ ಬರಲ್ಲಮ್ಮ."

"ನೀವು ಅಲ್ಲೇ ಎದುರಿಗೆ ಕೂತಿರ್ತಿದ್ರಂತಲ್ಲ?" ಎಂದಳು ಅವಿಗೈಲ್.

"ಕೂತಿರ್ತಿದ್ದೆ. ಅವರು ಹಾಡೋವಾಗ ನಾವು ಚಹಾ ಕುಡೀತಿದ್ವಿ."

ಮಕ್ಕಳು ಗೊಳ್ಳೆಂದು ನಕ್ಕರು. ಮಖ್ಲೂಫನೂ ನಕ್ಕ. ನಗು ಇಳಿದ ಮೇಲೆ ಹಾಜರ್ ಕೇಳಿದಳು: "ಮಂದಿರದಲ್ಲಿ ಹೆಂಗಸರು ಮೇಲೆ ಜಾಲರಿ ಹಿಂದೆ ಕೂರ್ತಿದ್ರು ಅಂತ ಮೊನ್ನೆ ಅಂದ್ರಲ್ಲ. ಅವರು ಯಾವ ಬೆಂಚು?"

ಮಖ್ಲೂಫನ ಮುಖದ ನಗು ಹಾಗೇ ನಿಂತುಬಿಟ್ಟಿತು. ಹೆಂಗಸರು ಯಾವ ಬೆಂಚಿನವರೂ ಆಗಿರಲಿಲ್ಲ. ಅವರಿಗೆ ಎರಡೂ ಕಡೆಯದು ಕೇಳಿಸುತ್ತಿತ್ತು. ತಾಯಿ ರಾಹೇಲ್ ಬೇಳೆ ಆರಿಸುತ್ತಾ ಪಾರಿವಾಳದ ಹಾಡನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದದ್ದು, ತಂದೆಯ ಹೆಜ್ಜೆ ಸಪ್ಪಳವಾದರೆ ನಿಲ್ಲಿಸುತ್ತಿದ್ದದ್ದು ನೆನಪಾಯಿತು. ಅವಳ ಬಾಯಲ್ಲಿ ಹಾಡು ಇಡಿಯಾಗಿಯೇ ಇತ್ತು. ಅವಳನ್ನು ಕೇಳಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಮಣ್ಣು ಸೇರಿ ಎಷ್ಟೋ ಕಾಲವಾಗಿತ್ತು. ಜಾಲರಿಯ ಹಿಂದೆ ಅವಳ ಜೊತೆ ಕೂತವರಲ್ಲಿ ಒಬ್ಬರೂ ಉಳಿದಿರಲಿಲ್ಲ.

"ಇವತ್ತಿಗೆ ಸಾಕು, ಹೋಗಿ" ಎಂದ.

ಅವಿಗೈಲ್ ಸುಮ್ಮನಿರುವ ಜಾಯಮಾನದವಳಲ್ಲ. ಇಸ್ರೇಲಿನ ಅಷ್ದೋದ್ ಪಟ್ಟಣದಲ್ಲಿರುವ ತನ್ನ ಅತ್ತೆಗೆ ಹೇಳಿ, ಅತ್ತೆ ತನ್ನ ಮಂದಿರದವರನ್ನು ವಿಚಾರಿಸಿ, ಕೊನೆಗೆ ಶಿಮೋನ್ ವಜಾನನ ಫೋನು ಸಂಖ್ಯೆಯನ್ನೇ ಹಿಡಿದು ತಂದಳು. ಎಡಬೆಂಚಿನಲ್ಲಿ ಎಲ್ಲರಿಗಿಂತ ಕಿರಿಯವನಾಗಿ ಹಾಡುತ್ತಿದ್ದ ಶಿಮೋನ್ ಈಗ ಮುದುಕ. ಆ ಬೆಂಚಿನಲ್ಲಿ ಕೂತವರಲ್ಲಿ ಉಸಿರಾಡುತ್ತಿರುವವನು ಅವನೊಬ್ಬನೇ. ಭಾನುವಾರ ಮಧ್ಯಾಹ್ನ ಮಖ್ಲೂಫ್ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಂಡು, ಎಲ್ಲರಿಗೂ ಕೇಳಿಸುವಂತೆ ಮೇಷ್ಟ್ರುಗಳ ಕೋಣೆಯಿಂದ ಫೋನು ಮಾಡಿದ.

"ಯಾರು? ಯೋಸೆಫನ ಮಗನೇನೋ?" ಆ ಕಡೆಯ ದನಿ ಒಡೆದಿತ್ತು, ಆದರೆ ಕೊಂಕು ಹಾಗೇ ಇತ್ತು. "ನಿಮ್ಮ ಬೆಂಚು ಇನ್ನೂ ಕುಳ್ಳಗೇ ಇದೆಯೇನೋ?"

"ಕುಳ್ಳಗಿದ್ದರೂ ಕುಂಟಲ್ಲ ಬಿಡು."

"ಕುಂಟಿದ್ದು ನಿಮ್ಮ ಮುತ್ತಜ್ಜನ ಕತ್ತೆ, ಸರಿ. ಏನು ಬೇಕಿತ್ತು ಹೇಳು."

"ಪಾರಿವಾಳದ ಹಾಡು ಬೇಕು ಶಿಮೋನಣ್ಣ. ನಿಮ್ಮ ಕಡೇದು."

"ಇಲ್ಲಿ ಯಾರೂ ಅದನ್ನ ಹಾಡಲ್ಲಪ್ಪ. ಊರೂರಿನೋರು ಬಂದು ಸೇರಿದಾರೆ, ಎಲ್ಲರಿಗೂ ಆಗೋ ಹಾಡು ಹಾಡ್ತಾರೆ. ನನ್ನ ಮಕ್ಕಳಿಗೆ ನಾನೂ ಕಲಿಸಲಿಲ್ಲ. ಸುಮ್ಮನೆ ಕೇಳಿದರೆ ನನಗೆ ಬರಲ್ಲ. ನಿಮ್ಮದು ಕಿವಿಗೆ ಬಿದ್ದರೆ ಬಂದೀತು. ನೀನು ಶುರು ಮಾಡು" ಎಂದ.

ಮಖ್ಲೂಫ್ ಕಣ್ಣು ಮುಚ್ಚಿ ಮೊದಲನೆಯ ಚರಣ ಹಾಡಿದ. ಅವನು ನಿಲ್ಲಿಸುವುದಕ್ಕೂ ಆ ಕಡೆಯಿಂದ ಎರಡನೆಯದು ಏಳುವುದಕ್ಕೂ ಸರಿಹೋಯಿತು. ದನಿ ನಡುಗುತ್ತಿತ್ತು, ಮಟ್ಟು ನಡುಗಲಿಲ್ಲ. ಹಾಜರ್ ತುಟಿ ಬಿಗಿದು ಕೇಳಿಸಿಕೊಳ್ಳುತ್ತಾ ಬೆರಳಿನಿಂದ ಮೇಜಿನ ಮೇಲೆ ತಾಳ ಹಿಡಿದಳು. ಮಖ್ಲೂಫ್ ಈ ಸಲ ಚಹಾದ ಲೋಟ ಮುಟ್ಟಲಿಲ್ಲ. ತಾನು ಮೂರನೆಯದನ್ನು ಹಾಡಿ ಮುಗಿಸಿ ಕಾದ. ಆ ಕಡೆ ಬರೀ ಉಸಿರು ಕೇಳಿಸಿತು.

"ಶಿಮೋನಣ್ಣ?"

"ಬರ್ತಾ ಇಲ್ಲ ಕಣೋ. ಬಾಗಿಲ ತನಕ ಬರುತ್ತೆ, ಒಳಗೆ ಕಾಲಿಡಲ್ಲ. ಇನ್ನೊಂದು ಸಲ ಹಾಡು."

ಇನ್ನೊಂದು ಸಲ ಹಾಡಿದ. ಮತ್ತೊಂದು ಸಲವೂ ಹಾಡಿದ. ಕೊನೆಗೆ ಶಿಮೋನನೇ ಸೋತು, "ಬಂದರೆ ನಾನೇ ಫೋನು ಮಾಡ್ತೀನಿ. ಖಂಡಿತ ಮಾಡ್ತೀನಿ" ಎಂದು ಇಟ್ಟುಬಿಟ್ಟ. ಇಡುವ ಮೊದಲು ಅತ್ತನೋ ಕೆಮ್ಮಿದನೋ ತಿಳಿಯಲಿಲ್ಲ.

ಪಾಸೋವರ್ ಹಬ್ಬ ಬಂದು ಹೋಯಿತು. ಹಬ್ಬ ಮುಗಿದ ರಾತ್ರಿ ಹಾಜರಳ ಮನೆಯವರು, ಹಬ್ಬವಿಡೀ ಹಿಟ್ಟು ಇಟ್ಟುಕೊಳ್ಳದ ಯಹೂದಿ ಮನೆಗೆ ಮುಸ್ಲಿಮರು ಕೊಡುವ ಪದ್ಧತಿಯಂತೆ, ಹಿಟ್ಟು, ಹಾಲು, ಜೇನು ತಂದುಕೊಟ್ಟು ಮಖ್ಲೂಫನ ಮನೆಯಲ್ಲಿ ಜೇನು ಸವರಿದ ತೆಳು ರೊಟ್ಟಿ, ಬಿಸಿ ಮುಫ್ಲೇತಾ ತಿಂದು ಹೋದರು. ಫೋನು ಮಾತ್ರ ಬರಲಿಲ್ಲ. ನಾಲ್ಕನೆಯದೂ ಇಲ್ಲ, ಆರನೆಯದೂ ಇಲ್ಲ.

"ಎರಡನೇದರ ಮಟ್ಟನ್ನೇ ನಾಲ್ಕನೇದಕ್ಕೂ ಆರನೇದಕ್ಕೂ ಹಾಕಿ" ಎಂದರು ಸ್ವೀಸಾ. "ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಮೇಡಂ. ಶಿಮೋನನಿಗೆ ಗೊತ್ತಾಗುತ್ತೆ."

"ಶಿಮೋನ್ ಫೆಜ್‌ಗೆ ಬರ್ತಾನೇನ್ರಿ?"

ಮಖ್ಲೂಫ್ ಮಕ್ಕಳ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಇಲ್ಲದ ಚರಣ ಬಂದಾಗ ಎಡಬೆಂಚಿನವರು ಬಾಯಿ ಮುಚ್ಚಿ, ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು, ಅಷ್ಟು ಹೊತ್ತು ನೆಟ್ಟಗೆ ಕೂರಬೇಕು. ಬಲಬೆಂಚಿನವರು ಕಾಯಬೇಕು. ಬಹುಮಾನ ಕೈತಪ್ಪಬಹುದು, ಒಪ್ಪದಿದ್ದರೆ ಬೇರೆ ಹಾಡು ಕಲಿಸುತ್ತೇನೆ ಎಂದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಸುಮ್ಮನೆ ಕೂರೋದಕ್ಕೂ ಅಭ್ಯಾಸ ಮಾಡ್ಬೇಕಾ?" ಎಂದಳು ಅವಿಗೈಲ್.

"ನಿನಗಂತೂ ಬೇಕು" ಎಂದಳು ಹಾಜರ್. ಅಲ್ಲಿಗೆ ತೀರ್ಮಾನವಾಯಿತು.

ಫೆಜ್‌ನ ಸಭಾಂಗಣ ತುಂಬಿತ್ತು. ಮೊದಲ ಮೂರು ಚರಣ ಹೊಳೆಯಂತೆ ಹರಿಯಿತು. ನಾಲ್ಕನೆಯದಕ್ಕೆ ಎಡಬೆಂಚು ಬಾಯಿ ಮುಚ್ಚಿತು. ಪಾಪ, ಮರೆತರು ಎಂದು ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹಾಜರ್ ಕದಲಲಿಲ್ಲ. ಚರಣವೊಂದು ಹಾಡಿ ಮುಗಿಯುವಷ್ಟು ಹೊತ್ತು ಕಳೆದ ಮೇಲೆ ಬಲಬೆಂಚು ಐದನೆಯದನ್ನು ಎತ್ತಿಕೊಂಡಿತು, ಕೂದಲೆಳೆಯಷ್ಟೂ ಶ್ರುತಿ ತಪ್ಪದೆ. ಆಗ ಸಭೆಗೆ ಅರ್ಥವಾಯಿತು. ಆರನೆಯದರ ಹೊತ್ತಿಗೆ ಯಾರೂ ಕೆಮ್ಮಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಖ್ಲೂಫ್ ಆ ಮೌನದೊಳಗೆ ಕಿವಿ ಇಟ್ಟು ಕೇಳಿದ. ಥುಯಾ ಮರದ ವಾಸನೆ ಬಂದಂತಾಯಿತು. ಅಣ್ಣತಮ್ಮಂದಿರ ಭುಜಗಳು, ಮೇಲೆ ಜಾಲರಿಯ ಹಿಂದೆ ಬಳೆಯ ಸದ್ದು ಎಲ್ಲ ಬಂದವು. ಮಟ್ಟು ಮಾತ್ರ ಬರಲಿಲ್ಲ. ಹಾಡು ಯಾವಾಗ ಮುಗಿಯಿತೆಂದು ತಿಳಿಯದೆ ಜನ ತಡವಾಗಿ ಚಪ್ಪಾಳೆ ತಟ್ಟಿದರು.

ಮೂರನೆಯ ಬಹುಮಾನ ಬಂತು. ಹಿತ್ತಾಳೆಯ ತಟ್ಟೆ. "ತಟ್ಟೆಯಾದರೂ ಸರಿ" ಎಂದು ಸ್ವೀಸಾ ಅದನ್ನು ಕತ್ತಿನ ರೇಷ್ಮೆ ವಸ್ತ್ರದಿಂದ ಒರೆಸಿದರು.

ಹೊರಗೆ ಅಂಗಳದಲ್ಲಿ ತೀರ್ಪುಗಾರರಲ್ಲಿ ಹಿರಿಯರಾದ ಸಿ ಅಬ್ದೆಲ್‌ಹಾದಿ ಮಖ್ಲೂಫನನ್ನು ಹುಡುಕಿಕೊಂಡು ಬಂದರು. ಸಿ ಎನ್ನುವುದು ನಮ್ಮಲ್ಲಿ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು. ಫೆಜ್‌ನಲ್ಲಿ ಊದ್ ಎಂಬ ತಂತಿವಾದ್ಯ ನುಡಿಸುವವರ ಮನೆತನದವರು. ಹಳೆಯ ಮಟ್ಟುಗಳೆಲ್ಲ ಅವರ ಬೆರಳಿನ ತುದಿಯಲ್ಲಿವೆ. ಮಖ್ಲೂಫನ ಕೈ ಹಿಡಿದು ಹೇಳಿದರು: "ಸಿ ಮಖ್ಲೂಫ್, ನಿಮ್ಮ ಮಕ್ಕಳು ನನ್ನ ಎದೆ ಹಿಂಡಿಬಿಟ್ಟರು. ನಿಮ್ಮ ಮೂರು ಚರಣ ಕೇಳಿದೀನಿ, ಆ ಕಡೇದು ಒಂದು ಕೇಳಿದೀನಿ. ದಾರಿ ಗೊತ್ತಾಗಿದೆ. ಉಳಿದ ಎರಡನ್ನ ನಾನು ಕಟ್ಟಿಕೊಡ್ತೀನಿ. ನಿಮ್ಮೂರಿಗೇ ಬಂದು ಕಲಿಸ್ತೀನಿ. ಹೊಲಿಗೆ ಎಲ್ಲಿದೆ ಅಂತ ಯಾರಿಗೂ ಕಾಣದ ಹಾಗೆ ಮಾಡ್ತೀನಿ."

ಹಾಜರ್ ಆಸೆಯಿಂದ ಮೇಷ್ಟ್ರ ಮುಖ ನೋಡಿದಳು. ಮಖ್ಲೂಫ್ ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ಬೇಡ ಸಿ ಅಬ್ದೆಲ್‌ಹಾದಿ. ನಿಮ್ಮ ಮನಸ್ಸು ದೊಡ್ಡದು. ನೀವು ಕಟ್ಟಿದ್ದು ಚೆನ್ನಾಗಿರುತ್ತೆ, ವಜಾನರದಕ್ಕಿಂತ ಚೆನ್ನಾಗಿರುತ್ತೆ. ನನಗಿರೋ ಭಯಾನೇ ಅದು. ಈ ಮಕ್ಕಳ ಬಾಯಲ್ಲಿ ಅದು ಒಂದು ಸಲ ಕೂತರೆ ಮತ್ತೆ ಏಳಲ್ಲ. ನಾಳೆ ಶಿಮೋನನಿಗೆ ಅದು ನೆನಪಾಗಿ ಅವನು ಫೋನು ಮಾಡಿದರೆ ನಾನು ಏನು ಹೇಳ್ಲಿ? ನಿನ್ನ ಜಾಗ ತುಂಬಿಹೋಯ್ತು ಕಣಣ್ಣ ಅನ್ಲಾ? ನನ್ನ ಕೈಲಾಗಲ್ಲ. ಅವರ ಪಾಲು ಖಾಲಿ ಇರಲಿ ಬಿಡಿ. ನಾವು ನಮ್ಮದು ಹಾಡ್ತೀವಿ, ಅವರದು ಬಂದಾಗ ಬಾಯಿ ಮುಚ್ಚಿ ಕಾಯ್ತೀವಿ."