ಜನ ಇಲ್ಲದ ಒಂದು ತೆರೆ

ಪುತ್ತೂರಿನ ಆ ಸ್ಟುಡಿಯೋದ ಯಜಮಾನರಿಗೆ ಎದುರಲ್ಲಿ ಕ್ಯಾಮರಾ ಇಲ್ಲದಿದ್ದರೂ ಎಡಗಣ್ಣು ಮುಚ್ಚಿ ಮಾತಾಡುವ ಅಭ್ಯಾಸ. ನಾನೂ ಎಡಗಣ್ಣು ಮುಚ್ಚಿ, ಅವರದೇ ಮೂಗಿನ ಸ್ವರದಲ್ಲಿ ಉತ್ತರ ಕೊಡುತ್ತಿದ್ದೆ. ಇಂಥವನಿಗೆ ಕೆಲಸ ಕೊಡಲು ಅವರು ಒಪ್ಪಿದ್ದೇ ಹೆಚ್ಚು. ಷರತ್ತು ಒಂದೇ. ಫೋಟೋ ತೆಗೆಯುವಾಗ ಹಿಂದೆ ಬಿಡುವ ಪರದೆಯ ಮೇಲೆ ಹಂಸ ಇದ್ದ ಕೊಳದ ಚಿತ್ರವಿತ್ತು. ಬಣ್ಣ ಉದುರಿ ಉದುರಿ ಹಂಸ ಈಗ ಕೋಳಿಯಾಗಿತ್ತು. ಹೊಸ ಪರದೆಯಲ್ಲಿ ಸಮುದ್ರ ಬರೆಸಬೇಕು, ಪೇಂಟರ್‌ಗೆ ನೋಡಿ ಬರೆಯಲು ಒಂದು ಫೋಟೋ ಬೇಕು.

"ಜನ ಇಲ್ಲದ ತೆರೆ ಬೇಕು ನೋಡು. ಜನರನ್ನು ನಾನು ನಿಲ್ಲಿಸ್ತೇನೆ. ತಂದರೆ ಸೋಮವಾರದಿಂದ ಕೆಲಸಕ್ಕೆ ಬಾ" ಎಂದು ಕ್ಯಾಮರಾವನ್ನೂ ಕೊಟ್ಟರು.

ತರದಿದ್ದರೆ ಸುಳ್ಯದಲ್ಲಿ ಸೋದರಮಾವನ ರೇಷನ್ ಅಂಗಡಿ ನನಗಾಗಿ ಕಾದಿತ್ತು. ಜೀವನವಿಡೀ ಸೀಮೆಎಣ್ಣೆ ಅಳೆಯುವುದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾವ ಆಗಷ್ಟೇ ಹಳೆಯ ಕಾರೊಂದನ್ನು ಕೊಂಡಿದ್ದರು. "ಗುಡ್ಡ ಹತ್ತುದು ಗೊತ್ತಾಯ್ತು. ಸಪಾಟು ರಸ್ತೆಯಲ್ಲಿ ಹೇಗೆ ಹೋಗ್ತದೆ ನೋಡ್ಬೇಕು" ಎಂದು ಅತ್ತೆಯನ್ನು ಕೂರಿಸಿಕೊಂಡು ಕರಾವಳಿಗೆ ಹೊರಟರು. ನಾನೂ ಹತ್ತಿದೆ. ದಾರಿಯಲ್ಲಿ ಹನ್ನೆರಡು ಫೋಟೋದ ರೋಲು ಅವರೇ ತೆಗೆಸಿಕೊಟ್ಟರು. ಅಲ್ಲಿಗೆ ಕ್ಯಾಮರಾ ಸ್ಟುಡಿಯೋದ್ದು, ರೋಲು ಮಾವನದ್ದು, ಬೆರಳು ಮಾತ್ರ ನನ್ನದು.

ಉಳ್ಳಾಲದಲ್ಲಿ ನಾನು ತೆರೆಯ ಕಡೆ ಕ್ಯಾಮರಾ ತಿರುಗಿಸಿದ್ದೇ ತಡ, ಮಾವ ಅಡ್ಡ ಬಂದರು.

"ನೀರಿನ ಫೋಟೋ ಎಂತಕ್ಕೆ ಮಾರಾಯ? ನಮ್ಮಲ್ಲಿ ತೋಡಿಲ್ವಾ?"

"ತೋಡಿನಲ್ಲಿ ತೆರೆ ಬರುದಿಲ್ಲ ಮಾವ."

"ಎಮ್ಮೆ ಇಳಿಸಿದ್ರೆ ಬರ್ತದೆ."

ಜನ ಇಲ್ಲದ ಫೋಟೋ ಎಂದರೆ ಅವರ ಲೆಕ್ಕದಲ್ಲಿ ಊಟಕ್ಕೆ ಎಲೆ ಹಾಕಿ ಎಬ್ಬಿಸಿ ಕಳಿಸಿದ ಹಾಗೆ. ಮಾವ ಒಂದು, ಅತ್ತೆ ಒಂದು, ಇಬ್ಬರೂ ಸೇರಿ ಒಂದು. ಕಾರಿಗೆ ಬೇಜಾರಾಗಬಾರದೆಂದು ಅದಕ್ಕೂ ಒಂದು. ಸುರತ್ಕಲ್ಲಿನಲ್ಲಿ ಅಂಗಿಯ ಕೈ ಮಡಚಿ, ವಾಚು ಕಾಣುವಂತೆ ಎದೆಯ ಮೇಲೆ ಕೈಯಿಟ್ಟು ನಿಂತರು. ಎದೆನೋವು ಬಂದವರ ಹಾಗೆ. ಅತ್ತೆಯಂತೂ ನಾನು ಒತ್ತುವ ಗಳಿಗೆಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದರು. "ಮುಚ್ಚಿಹೋಯ್ತು ಮಗ, ಇನ್ನೊಂದು ತೆಗಿ!" ತೆಗೆದೆ. ಮತ್ತೆ ಮುಚ್ಚಿದರು. ಕ್ಯಾಮರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ತೆಗೆದ ಫೋಟೋದ ಅಂಕಿ ಏರುತ್ತಿತ್ತು, ನನ್ನ ರಕ್ತದೊತ್ತಡವೂ.

ಕಾಪು ತಲುಪುವಾಗ ಉಳಿದದ್ದು ಒಂದೇ. ನಾನು ಬೇಡಿಕೊಂಡೆ. ಊರಿನ ಎಲ್ಲರ ಸ್ವರ ಹಿಡಿಯುವ ನನ್ನ ಗಂಟಲಿನಿಂದ ಅವತ್ತು ಹೊರಟದ್ದು ಹಾಲಿಗೆ ಕೂಗುವ ಕರುವಿನ ಸ್ವರ. ಮಾವ ಕರಗಿದರು.

"ಆಯ್ತು, ಇದು ನಿನ್ನದೇ. ತೆಗಿ."

ಬಂಡೆಯ ಮೇಲೆ ಕೂತು ಕಾದೆ. ಹಿಂದಿನಿಂದ ಮಾವ ಬಸ್ಸಿನ ಕಂಡಕ್ಟರನಂತೆ ಪ್ರತಿ ತೆರೆಗೂ ಕೂಗು ಹಾಕುತ್ತಿದ್ದರು. "ಈಗ! ಈಗ! ಛೆ, ಹೋಯ್ತು. ನೀನೆಂತ, ನಿದ್ರೆ ಮಾಡುದಾ?" ಆಮೇಲೆ ಅವರ ಸದ್ದು ನಿಂತಿತು. ಸಂತೋಷವಾಯಿತು, ಸಂಶಯ ಬರಬೇಕಿತ್ತು.

ತೆರೆ ಬಂತು. ಆಳೆತ್ತರಕ್ಕೆದ್ದು, ಬೆನ್ನು ಬಗ್ಗಿಸಿ, ಬಿಸಿಲು ಅದರ ಮೈಯೊಳಗೆ ಹಸಿರಾಗಿ ಹೊಕ್ಕ ಗಳಿಗೆಗೆ ಸರಿಯಾಗಿ ಒತ್ತಿದೆ. ಅದೇ ಗಳಿಗೆಗೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಬಲಗಡೆಯಿಂದ ಬಂದ ಮಾವ, ನಟ್ಟನಡುವೆ ನಿಂತು ನಕ್ಕರು.

"ಮಾವಾ!"

"ಬೊಬ್ಬೆ ಎಂತಕ್ಕೆ? ಕೊನೆಯದ್ದು ಖಾಲಿ ಹೋಗ್ತದಲ್ಲ ಅಂತ ನಿಂತದ್ದು. ನಿನಗೋಸ್ಕರ ಮಾರಾಯ!" ಸೊಂಟದವರೆಗೆ ಒದ್ದೆಯಾಗಿದ್ದರು. ಅವರ ಮುಖದಲ್ಲಿ ಉಪಕಾರ ಮಾಡಿದವರ ಕಳೆ.

ಸುಳ್ಯದವರೆಗೂ ನಾನು ಯಾರ ನಕಲೂ ಮಾಡಲಿಲ್ಲ. ಜ್ವರ ಬಂದಿರಬೇಕೆಂದು ಅತ್ತೆ ಹಣೆ ಮುಟ್ಟಿ ನೋಡಿದರು.

ಸ್ಟುಡಿಯೋದಲ್ಲಿ ಯಜಮಾನರು ಪ್ರಿಂಟನ್ನು ಬೆಳಕಿಗೆ ಹಿಡಿದರು. "ತೆರೆ ಫಸ್ಟ್ ಕ್ಲಾಸ್. ಇವರನ್ನು ಎಂತ ಮಾಡುದು?"

"ಪೇಂಟರ್ ಬಿಟ್ಟು ಬರೆಯಲಿ" ಎಂದೆ, ಮೆಲ್ಲಗೆ.

ಪೇಂಟರ್ ಬಿಟ್ಟೇ ಬರೆದ. ವಾರದ ಮೇಲೆ ನೋಡಿದರೆ ಪರದೆ ತುಂಬ ಹಸಿರು ತೆರೆ, ನಡುವೆ ಮಾವನ ಆಕಾರದ ಬಿಳಿ ಜಾಗ, ಎತ್ತಿದ ಪಂಚೆ ಸಮೇತ.

"ಅವರ ಹಿಂದೆ ಎಂತ ಉಂಟು ಅಂತ ನನಗೆ ಹೇಗೆ ಗೊತ್ತು? ಕಂಡದ್ದನ್ನು ಮಾತ್ರ ಬರೆಯುದು ನಾನು" ಎಂದು ಅವನು ಕುಂಚ ತೊಳೆದುಕೊಂಡ.

ಯಜಮಾನರು ಎಡಗಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಇರಲಿ. ಗಿರಾಕಿಗಳು ಅಲ್ಲೇ ನಿಲ್ಲುದಲ್ವಾ, ಮುಚ್ಚಿಹೋಗ್ತದೆ. ಮುಚ್ಚಿಸುದು ನಿನ್ನ ಕೆಲಸ. ಸೋಮವಾರ ಬಾ."

ಹೀಗೆ ಕೆಲಸ ಸಿಕ್ಕಿತು. ಆದರೆ ಮಾವನ ಗಾತ್ರ ಸಾಧಾರಣದ್ದಲ್ಲ. ಮೊದಲ ಸೋಮವಾರವೇ ಕಡಬದ ಕಡೆಯ ಹೊಸ ಮದುಮಕ್ಕಳು ಬಂದರು, ಇಬ್ಬರೂ ಬಿದಿರುಕಡ್ಡಿ. ನಾಚಿಕೊಂಡು ಒಂದು ಮಾರು ದೂರ ನಿಂತರು. ನಡುವೆ ಬೆಳ್ಳಗೆ ಮಾವ.

"ಸ್ವಲ್ಪ ಹತ್ತಿರ ನಿಲ್ಲಿ" ಎಂದೆ. ಅಲುಗಲಿಲ್ಲ. "ಇನ್ನೂ ಹತ್ತಿರ ಮಾರಾಯ್ರೆ, ಮಾವ ಕಾಣ್ತಾರೆ!"

ಮದುಮಗಳು ಬೆಚ್ಚಿಬಿದ್ದು, ಸೆರಗು ಎಳೆದುಕೊಂಡು, ಗಂಡನಿಂದ ಇನ್ನೂ ಎರಡು ಹೆಜ್ಜೆ ದೂರ ಸರಿದು, ಅವನ ಅಪ್ಪ ಎಲ್ಲಿಂದ ನೋಡುತ್ತಿದ್ದಾರೆಂದು ಬಾಗಿಲ ಕಡೆ ಹುಡುಕತೊಡಗಿದಳು.