ಕಂಬಳಿಯ ಮೇಲಿನ ಲ್ಯಾಪ್‌ಟಾಪ್

ನನ್ನ ಅತ್ತಿಗೆ ಕಣ್ಣು ಕಾಣದವರಿಗಾಗಿ ಪುಸ್ತಕ ಓದುತ್ತಾರೆ. ಗ್ರಂಥಾಲಯವೊಂದು ಪುಸ್ತಕ ಕೊಡುತ್ತದೆ, ಇವರು ಮನೆಯಲ್ಲೇ ಓದಿ, ರೆಕಾರ್ಡ್ ಮಾಡಿ ಕಳಿಸುತ್ತಾರೆ. ಸ್ಟುಡಿಯೊ ಎಂದರೆ ಬಟ್ಟೆಯ ಬೀರು ಇರುವ ಸಣ್ಣ ಕೋಣೆ. ಕಿಟಕಿಗೆ ದಪ್ಪ ಪರದೆ, ಬಾಗಿಲ ಸಂದಿಗೆ ಹಳೇ ಟವೆಲ್ಲು. ಅವರು ಓದಲು ಕೂತರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಅಣ್ಣ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಾನೆ. ಹೆಂಡತಿಗೆ ತಾನು ಹೆದರುವುದು ಆ ಹೊತ್ತಿನಲ್ಲಿ ಮಾತ್ರ ಎಂದು ಹೇಳಿಕೊಳ್ಳುತ್ತಾನೆ, ನಾವ್ಯಾರೂ ನಂಬುವುದಿಲ್ಲ.

ಅವರ ಲ್ಯಾಪ್‌ಟಾಪ್ ಹಳೆಯದು. ಓದುತ್ತಾ ಓದುತ್ತಾ ಅದು ಕಾದು, ಒಳಗಿನ ಫ್ಯಾನು ಗುಂಯ್‌ಗುಡುತ್ತಿತ್ತು. ಮೊದಮೊದಲು ಮೆಲ್ಲಗೆ, ಈಚೆಗೆ ಜೋರಾಗಿ. ಕಳಿಸಿದ ಅಧ್ಯಾಯಗಳು ವಾಪಸ್ ಬರತೊಡಗಿದವು. ಗ್ರಂಥಾಲಯದವರು ಫೋನಿನಲ್ಲಿ ಮೆತ್ತಗೆ ಹೇಳಿದರು: "ಮೇಡಂ, ಸದ್ದು ಹೀಗೇ ಇದ್ರೆ ಇನ್ನು ಪುಸ್ತಕಗಳನ್ನ ಕಂಪ್ಯೂಟರ್ ಧ್ವನೀಲೇ ಓದಿಸ್ತೀವಿ. ನಿಮಗೂ ತೊಂದ್ರೆ ತಪ್ಪುತ್ತೆ."

ಆ ಕೊನೆಯ ಮಾತು ಅತ್ತಿಗೆಗೆ ನಾಟಿತು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ.

ನಾನು ಎಲ್ಲದರಲ್ಲೂ ಮೂಗು ತೂರಿಸುವವನು. "ಅತ್ತಿಗೆ, ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕ್ಸೋಣ. ಅದರೊಳಗೆ ತಿರುಗೋದೇ ಏನೂ ಇರಲ್ಲ, ಬಿಸಿ ಎಲ್ಲಿಂದ ಬರುತ್ತೆ?" ಎಂದೆ. ರಿಪೇರಿ ಅಂಗಡಿಯವನು, "ಸ್ವಲ್ಪ ತಣ್ಣಗಾಗುತ್ತೆ ಸಾರ್. ಆದ್ರೆ ಜಾಸ್ತಿ ಕಾಯೋದು ಪ್ರೊಸೆಸರು. ಡಿಸ್ಕ್ ಬದಲಾಯ್ಸಿದ್ರೆ ಅದೇನೂ ಸುಮ್ನಾಗಲ್ಲ" ಎಂದ. ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಹಾಕಿಸಿ ತಂದೆವು. ಹಳೆಯ ಡಿಸ್ಕ್ ಇದ್ದ ಕಡೆ, ಅಂಗೈ ಊರುವ ಜಾಗ, ನಿಜಕ್ಕೂ ತಣ್ಣಗಿತ್ತು. ಒಳಗಿನ ಕಟಕಟ ನಿಂತಿತು, ಕೆಲಸ ಚುರುಕಾಯಿತು. ನಾನು ಮೀಸೆ ತಿರುವಿದೆ. ಅರ್ಧ ಅಧ್ಯಾಯ ದಾಟುವಷ್ಟರಲ್ಲಿ ಫ್ಯಾನು ಮತ್ತೆ ಶುರು. ಅತ್ತಿಗೆ ಬಾಗಿಲು ತೆರೆದು ಇಣುಕಿದರು.

"ತಣ್ಣಗಾಗಿದ್ದು ನನ್ನ ಉತ್ಸಾಹ ಒಂದೇ ಕಣೋ" ಎಂದರು.

ಲ್ಯಾಪ್‌ಟಾಪಿನ ಕೆಳಗೆ ಅವರು ಯಾವಾಗಲೂ ಕಂಬಳಿ ಮಡಿಸಿ ಹಾಸುತ್ತಿದ್ದರು. ಮೇಜಿನ ಅದುರಾಟ ಮೈಕಿಗೆ ತಾಗಬಾರದು ಎಂದು. ಮರುದಿನ ಅದನ್ನು ಒಗೆಯಲು ಹಾಕಿದ್ದರಿಂದ ಬರೀ ಮೇಜಿನ ಮೇಲೆಯೇ ಇಟ್ಟು ಓದಿದರು. ಅಧ್ಯಾಯ ಮುಗಿದರೂ ಫ್ಯಾನು ಉಸಿರೆತ್ತಲಿಲ್ಲ. ಅನುಮಾನ ಬಂದು ಎತ್ತಿ ತಿರುಗಿಸಿ ನೋಡಿದರೆ, ಗಾಳಿ ಎಳೆದುಕೊಳ್ಳುವ ಕಿಂಡಿಗಳೆಲ್ಲ ಅಡಿಯಲ್ಲೇ ಇವೆ. ಸದ್ದಾಗದಿರಲಿ ಎಂದು ಹಾಸಿದ ಕಂಬಳಿಯೇ ಅದರ ಉಸಿರು ಕಟ್ಟಿಸಿ ಸದ್ದು ಮಾಡಿಸುತ್ತಿತ್ತು. ನನ್ನನ್ನು ಕರೆದು ತೋರಿಸಿದರು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಆಗಷ್ಟೇ ಓದಿದ್ದನ್ನು ಕೇಳತೊಡಗಿದರು. ಕೇಳುತ್ತಾ ಅವರ ನಗು ಇಳಿಯಿತು. ಹೆಡ್‌ಫೋನ್ ತೆಗೆದು ನನಗೆ ಕೊಟ್ಟರು. ಹಿನ್ನೆಲೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಉದ್ದ ವಾಕ್ಯಗಳ ಕೊನೆಗೆ ಅವರ ಧ್ವನಿ ನಡುಗುತ್ತಿತ್ತು, ಉಸಿರು ಸಾಲದೆ ಒಡೆಯುತ್ತಿತ್ತು. ಇಷ್ಟು ಕಾಲ ಅದೆಲ್ಲ ಫ್ಯಾನಿನ ಸದ್ದಿನಲ್ಲಿ ಮುಚ್ಚಿಹೋಗಿತ್ತು.

"ಚೆನ್ನಾಗಿದೆ ಅತ್ತಿಗೆ" ಎಂದೆ.

"ನೀನು ಸುಳ್ಳು ಹೇಳೋಕೂ ಲಾಯಕ್ಕಿಲ್ಲ" ಎಂದರು. ಒಂದು ಪದವನ್ನೂ ತಿದ್ದದೆ ಗ್ರಂಥಾಲಯಕ್ಕೆ ಕಳಿಸಿಬಿಟ್ಟರು.

ವಾರದೊಳಗೆ ಫೋನ್ ಬಂತು. ಅತ್ತಿಗೆ ಸ್ಪೀಕರ್ ಹಾಕಿದರು, ನಾನು ಪಕ್ಕದಲ್ಲೇ ಇದ್ದೆ.

"ಮೇಡಂ, ಸದ್ದು ಪೂರ್ತಿ ಹೋಗಿದೆ. ಈ ಅಧ್ಯಾಯ ತಗೊಂಡಿದ್ದೀವಿ. ಒಂದು ಮಾತು ಕೇಳ್ಲಾ? ಇದನ್ನ ಓದಿದ್ದು ನಿಮ್ಮ ಅಮ್ಮಾನಾ?"

ಅತ್ತಿಗೆ ನನ್ನ ಕಡೆ ನೋಡಲಿಲ್ಲ.

"ಇಲ್ಲಪ್ಪಾ, ನಾನೇ" ಎಂದರು. "ಮುಂದಿನದನ್ನೂ ನಾನೇ ಓದ್ತೀನಿ."