ಸಾಕ್ಷಿ ಗೂಡಿನ ಡಬ್ಬ

ಊರಿಗೆಲ್ಲ ಅವಳು ಮೊಲದಕ್ಕ. ಹಿತ್ತಿಲ ತಗಡಿನ ಸೂರಿನಡಿ ನಲವತ್ತು ತಂತಿ ಗೂಡು. ಬೆಳಗೆದ್ದವಳೇ ಒಂದೊಂದರ ಕೆಳಗೂ ಬಗ್ಗಿ ಹಿಕ್ಕೆ ನೋಡಬೇಕು. ಗಟ್ಟಿಯಾಗಿ ಗುಂಡಗಿದ್ದರೆ ಮೊಲ ಚೆನ್ನಾಗಿದೆ ಅಂತ.

"ಎಲ್ಲರೂ ಎದ್ದು ಕನ್ನಡಿ ನೋಡ್ಕೋತಾರೆ, ನೀನು ಹಿಕ್ಕೆ ನೋಡ್ತೀಯಲ್ಲೇ" ಎಂದು ಗಂಡ ಕಿಚಾಯಿಸಿದರೆ, "ನಿಮ್ಮ ಮುಖ ನೋಡೋದಕ್ಕಿಂತ ವಾಸಿ ಕಣ್ರೀ" ಅನ್ನುವಳು.

ಅವಳದೊಂದು ಹಟವಿತ್ತು. ಹೊಸ ಮೇವು ಏನೇ ಬರಲಿ, ಮೂಲೆಯ ಒಂದು ಗೂಡಿಗೆ ಮಾತ್ರ ಮುಟ್ಟಿಸುತ್ತಿರಲಿಲ್ಲ. ಅದಕ್ಕೆ ಹಳೇ ಮೇವೇ, ಅದರದೇ ಬೇರೆ ಡಬ್ಬ. ಎರಡು ತಿಂಗಳು ಕಳೆದು ಆ ಮೊಲವನ್ನೂ ಉಳಿದವನ್ನೂ ಹೋಲಿಸಿದರೆ ಹೊಸದರ ಗುಣ ತಾನೇ ಬಯಲಾಗುತ್ತದೆ. ಅದನ್ನು ಸಾಕ್ಷಿ ಗೂಡು ಎಂದು ಕರೆದವನು ಅವಳ ತಮ್ಮ, ತಾಯಿ ಹೋದಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಈಗವನು ಮೇವಿನಂಗಡಿ ಇಟ್ಟಿದ್ದರೂ ಸಂಜೆ ಬಂದು ಅಕ್ಕನ ಮೊಲಗಳಿಗೆ ಮೇವು ಹಾಕಿಕೊಡುವುದನ್ನು ಬಿಟ್ಟಿರಲಿಲ್ಲ.

ಒಂದು ದಿನ ಸೋಂಪಿನ ಘಮವಿದ್ದ ಕಂದು ಪುಡಿಯ ಚೀಲ ತಂದ. "ಅಗಸೆ ಬೀಜದ ಪುಡಿ ಅಕ್ಕಾ. ದಿನಕ್ಕೊಂದು ಚಮಚ ಹಾಕು, ಮೈ ಹೇಗೆ ತುಂಬ್ತವೆ ನೋಡು!"

ತುಂಬಿದವು ನಿಜ. ಕೂದಲು ಫಳಫಳ ಅಂದಿತು. ಅಕ್ಕ ತಮ್ಮನನ್ನು ಹೊಗಳಿದ್ದೇ ಹೊಗಳಿದ್ದು.

ಹೋಲಿಸಿ ನೋಡುವ ಎರಡು ತಿಂಗಳು ತುಂಬುವ ಮೊದಲೇ ಬಂದ ಹೋಟೆಲಿನ ಅಡುಗೆಯವನು, ಹನ್ನೊಂದು ವರ್ಷದಿಂದ ಅವಳ ಮೊಲ ಬಿಟ್ಟು ಬೇರೆಯವರದನ್ನು ಮುಟ್ಟದವನು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಮಾಂಸ ಬೇಯೋಕಿಟ್ರೆ ಮೀನಿನ ನಾತ. ತಟ್ಟೆ ವಾಪಸ್ ಬರ್ತಿವೆ. ಹೀಗೇ ಆದ್ರೆ ನಾನು ಬೇರೆ ಕಡೆ ನೋಡ್ಬೇಕಾಗತ್ತೆ."

ಅಕ್ಕನಿಗೆ ಮೊದಲು ಪುಡಿಯ ಮೇಲೇ ಅನುಮಾನ ಬಂತು. ಸಾಕ್ಷಿ ಗೂಡಿನ ಮೊಲವನ್ನೇ ಕೊಯ್ಯಿಸಿ ಬೇಯಿಸಿದಳು. ಅದೂ ಮೀನೇ! ಅಂದಮೇಲೆ ತಪ್ಪು ಪುಡಿಯದಲ್ಲ. ಹುಲ್ಲಿರಬೇಕು, ನೀರಿರಬೇಕು, ತನ್ನ ಕೈಯೇ ಕೆಟ್ಟಿರಬೇಕು. ಹುಲ್ಲು ಬದಲಿಸಿದಳು. ಗೂಡುಗಳನ್ನೆಲ್ಲ ಕುದಿನೀರಲ್ಲಿ ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಎದ್ದಿತು. ತಮ್ಮ ಪಕ್ಕದಲ್ಲೇ ನಿಂತು ನೀರು ಹೊಯ್ದ.

ಗುಟ್ಟು ಬಿಟ್ಟುಕೊಟ್ಟದ್ದು ಪಕ್ಕದ ಮನೆಯ ಬೆಕ್ಕು. ಮುಚ್ಚಳ ಸರಿದಿದ್ದ ಸಾಕ್ಷಿ ಡಬ್ಬದೊಳಗೆ ತಲೆ ತೂರಿಸಿ ನೆಕ್ಕುತ್ತಿತ್ತು. ಕಾಳು ಮೂಸಿಯೂ ನೋಡದ ಬೆಕ್ಕು! ಅಕ್ಕ ತಳಕ್ಕೆ ಕೈ ಹಾಕಿದಳು. ಕಂದು ಪುಡಿ ಸಿಕ್ಕಿತು. ಸೋಂಪಿನ ಘಮ ಹಾರಿಹೋಗಿ ಮೀನಿನ ನಾತವಷ್ಟೇ ಉಳಿದಿತ್ತು. ಅವಳನ್ನು ಬಿಟ್ಟರೆ ಆ ಡಬ್ಬ ಮುಟ್ಟುತ್ತಿದ್ದವನು ಒಬ್ಬನೇ.

ಸಂಜೆ ಬಂದವನ ಮುಂದೆ ಡಬ್ಬ ಇಟ್ಟಳು. "ಮೀನಿನ ಪುಡಿಗೆ ಅಗಸೆ ಅಂದಿದ್ದು ಹಾಳಾಗ್ಲಿ. ಸಾಕ್ಷಿ ಗೂಡಿಗೆ ಯಾಕೋ ಹಾಕ್ದೆ?"

ಅವನು ನೆಲ ನೋಡಿದ. "ಪುಡಿ ಚೆನ್ನಾಗಿಲ್ಲ ಅಂತ ನೀನಂದ್ರೆ ಊರಲ್ಲಿ ಯಾರೂ ನನ್ನ ಅಂಗಡೀಲಿ ತಗೋತಿರಲಿಲ್ಲ ಅಕ್ಕಾ. ಎರಡೂ ಒಂದೇ ಥರ ಇದ್ರೆ ಪುಡಿ ಮೇಲೆ ಅನುಮಾನ ಪಡಲ್ಲ ಅಂತ..."

"ನನ್ನ ಮೇಲೇ ಪಡ್ತೀನಿ ಅಂತ ಗೊತ್ತಿತ್ತಲ್ವೇನೋ?"



ಪುಡಿ ನಿಲ್ಲಿಸಿದ ಆರು ವಾರಕ್ಕೆ ನಾತ ಹೋಯಿತು. ಅಡುಗೆಯವನು ಮತ್ತೆ ಬಂದ, ಆದರೆ ಈಗ ಒಂದು ತುಂಡು ಬೇಯಿಸಿ ಮೂಸಿಯೇ ಉಳಿದದ್ದನ್ನು ಒಯ್ಯುತ್ತಾನೆ. ತಮ್ಮನೂ ಬರುತ್ತಾನೆ. ಅಕ್ಕ "ಬಾ, ಕೂತ್ಕೋ" ಅನ್ನುತ್ತಾಳೆ, ಊಟ ಬಡಿಸುತ್ತಾಳೆ. ಅವನು ಕೈ ತೊಳೆದು ಹಳೇ ಅಭ್ಯಾಸಕ್ಕೆ ಹಿತ್ತಿಲ ಕಡೆ ಹೆಜ್ಜೆ ಹಾಕಿದರೆ ಮಾತ್ರ, "ಅಲ್ಲಿ ಕೆಲಸ ಆಗಿದೆ" ಅನ್ನುತ್ತಾಳೆ. ಡಬ್ಬಕ್ಕೆ ಬೀಗ ಬಿದ್ದಿದೆ.